ಜೂಲಿಯೆಟ್ ಸಾವಿನ ಹೊಣೆ ಯಾರ ತಲೆಗೆ?

ಶೇಕ್ಸ್‌ಪಿಯರ್ ನಾಟಕದಲ್ಲಿ ರೋಮಿಯೋ ಜೂಲಿಯೆಟ್ ಸತ್ತಿದ್ದು ಯಾರ ತಪ್ಪಿನಿಂದ ಅಂತ ಕೇಳಿದರೆ ಬಹಳ ಜನ ಒಂದು ಕಾಗದದ ಕಡೆ ಬೆರಳು ತೋರಿಸುತ್ತಾರೆ. ಜೂಲಿಯೆಟ್ ನಿಜವಾಗಿ ಸತ್ತಿಲ್ಲ, ಮದ್ದು ಕುಡಿದು ಮಲಗಿದ್ದಾಳೆ ಅಂತ ಪಾದ್ರಿ ಲಾರೆನ್ಸ್, ಗಡೀಪಾರಾಗಿ ಮಾಂಟುವಾ ಊರಲ್ಲಿದ್ದ ರೋಮಿಯೋಗೆ ಬರೆದ ಕಾಗದ ಅದು. ಪ್ಲೇಗಿನ ಅನುಮಾನದಲ್ಲಿ, ಅದನ್ನು ಒಯ್ಯಬೇಕಿದ್ದ ಪಾದ್ರಿ ಜಾನ್‌ನನ್ನು ಒಂದು ಮನೆಯಲ್ಲಿ ಕೂಡಿಹಾಕಿದರು, ಕಾಗದ ಮಾಂಟುವಾ ತಲುಪಲಿಲ್ಲ, ಅಷ್ಟೇ ಕಥೆ. ಕೆಲವರು ಹಣೆಬರಹ ಅಂತಾರೆ. ಇನ್ನು ಕೆಲವರು ಹುಡುಗರ ಆತುರ ಅಂತಾರೆ. ಭಾನುವಾರ ರಾತ್ರಿ ಭೇಟಿ, ಸೋಮವಾರ ಗುಟ್ಟಿನ ಮದುವೆ! ಆತುರ ಹೌದು, ಒಪ್ಪಿದೆ. ಆದರೆ ಆತುರಕ್ಕೆ ಬಿದ್ದವರೆಲ್ಲ ಗೋರಿಯೊಳಗೆ ಸಾಯುವುದಿಲ್ಲ.

ನನ್ನ ಪ್ರಕಾರ ಮೊದಲ ಹೊಣೆ ಜೂಲಿಯೆಟ್ ಅಪ್ಪ ಕ್ಯಾಪುಲೆಟ್‌ನದು. ಎರಡು ಮನೆತನಗಳ ಹಳೇ ದ್ವೇಷಕ್ಕಾಗಿ ಅಲ್ಲ. ರೋಮಿಯೋ ಮುಖವಾಡ ಹಾಕಿಕೊಂಡು ಔತಣಕ್ಕೆ ಬಂದಾಗ ಜೂಲಿಯೆಟ್‌ಳ ಸೋದರಸಂಬಂಧಿ ಟಿಬಾಲ್ಟ್ ಕತ್ತಿ ತಾ ಅನ್ನುತ್ತಾನೆ. ಒಳ್ಳೇ ಹುಡುಗ, ಬಿಟ್ಟುಬಿಡು ಅಂತ ತಡೆದವನು ಇದೇ ಕ್ಯಾಪುಲೆಟ್. ಅವನ ಅಪರಾಧ ನಡೆದಿದ್ದು ಮಂಗಳವಾರ ಬೆಳಗ್ಗೆ.

ಶುರುವಿನಲ್ಲಿ ಪ್ಯಾರಿಸ್ ಅನ್ನುವ ಯುವಕ ಬಂದು ಹೆಣ್ಣು ಕೇಳಿದಾಗ ಇನ್ನೆರಡು ವರ್ಷ ಹೋಗಲಿ, ಅವಳ ಒಪ್ಪಿಗೆಯೂ ಬೇಕು ಅಂದಿದ್ದ. ಟಿಬಾಲ್ಟ್ ಸತ್ತ ರಾತ್ರಿಯೇ ಅವಳನ್ನು ಒಂದು ಮಾತೂ ಕೇಳದೆ ಗುರುವಾರಕ್ಕೆ ಮದುವೆ ನಿಶ್ಚಯ ಮಾಡಿದ. ಅವಳು ಬೇಡ ಅಂದಳು. ಹಾಗಾದರೆ ಬೀದಿಯಲ್ಲಿ ತಿರುಪೆ ಎತ್ತಿ ಸಾಯಿ ಅಂದ. ಹುಡುಗಿಗೆ ಇನ್ನೂ 14 ತುಂಬಿಲ್ಲ. ಅಮ್ಮ ಕೈತೊಳೆದುಕೊಂಡಳು. ರೋಮಿಯೋ ಹತ್ತಲಿ ಅಂತ ಹಗ್ಗದ ಏಣಿ ತಂದಿದ್ದ ದಾದಿ ಅಪ್ಪನಿಗೆ ಎದುರು ಮಾತಾಡಿ ಬೈಸಿಕೊಂಡಳು, ಅದು ಅವಳ ದೊಡ್ಡತನ. ಆಮೇಲೆ ಅವಳೂ 'ಪ್ಯಾರಿಸ್‌ನನ್ನೇ ಕಟ್ಕೋ' ಅಂದುಬಿಟ್ಟಳು.

ನನಗೆ ಮದುವೆಯಾಗಿದೆ ಅಂತ ಹೆತ್ತವರ ಮುಂದೆ ಬಾಯಿಬಿಡುವ ಹಾಗೇ ಇರಲಿಲ್ಲ ಆ ಮನೆಯಲ್ಲಿ. ಇಡೀ ನಾಟಕದಲ್ಲಿ ನನಗೆ ಭಯ ಹುಟ್ಟಿಸುವುದು ಇದೇ. ಗೋರಿಯ ದೃಶ್ಯ ಆಮೇಲಿನದು.

ಆ ಮಾತನ್ನು ಅವಳ ಬದಲು ಪಾದ್ರಿ ಲಾರೆನ್ಸ್ ಹೇಳಬಹುದಿತ್ತು. ಮದುವೆ ಮಾಡಿಸಿದವನೇ ಅವನು. ಎರಡನೇ ಮದುವೆ ಪಾಪ ಅಂತ ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಹೇಳಿದ್ದರೆ ರಾದ್ಧಾಂತ ಆಗುತ್ತಿತ್ತು, ಅವನ ತಲೆಯೂ ಹೋಗುತ್ತಿತ್ತೇನೋ. ಆ ಅಪಾಯ ತಾನು ಹೊರುವ ಬದಲು, 42 ಗಂಟೆ ಹೆಣದ ಹಾಗೆ ಮಲಗಿಸುವ ಮದ್ದನ್ನು ಹುಡುಗಿಯ ಕೈಗೆ ಕೊಟ್ಟ. ಕೊನೆಗೆ ಅವಳು ಕಣ್ಣು ಬಿಟ್ಟಾಗ ಪಕ್ಕದಲ್ಲಿ, ಅವಳು ಸತ್ತಳು ಅಂತ ನಂಬಿ ವಿಷ ಕುಡಿದ ಗಂಡನ ಹೆಣ, ಹೊರಗೆ ಜನರ ಸದ್ದು. ಬಾ, ನಿನ್ನನ್ನು ಸನ್ಯಾಸಿನಿಯರ ಜೊತೆ ಸೇರಿಸುತ್ತೇನೆ ಅಂದ ಪಾದ್ರಿ. ಅವಳು ಏಳಲಿಲ್ಲ. ಇವನು ಓಡಿಹೋದ. ಕಾಗದ ತಲುಪದಿದ್ದದ್ದು ದುರದೃಷ್ಟ ಅನ್ನಿ. ಇದು ಪುಕ್ಕಲುತನ ಅಲ್ವಾ?

(ರೋಮಿಯೋ ಏನೂ ಸಾಚಾ ಅಲ್ಲ. ಟಿಬಾಲ್ಟ್, ಪ್ಯಾರಿಸ್ ಇಬ್ಬರೂ ಅವನ ಕತ್ತಿಗೇ ಸತ್ತವರು.)

ಶೇಕ್ಸ್‌ಪಿಯರ್‌ಗೆ ಮೂಲವಾದ ಆರ್ಥರ್ ಬ್ರೂಕ್‌ನ ಕಾವ್ಯ ಬಂದಿದ್ದು 1562ರಲ್ಲಿ. ಹೆತ್ತವರ ಮಾತು ಮೀರಿದರು ಅಂತ ಅದರ ಮುನ್ನುಡಿ ಪ್ರೇಮಿಗಳನ್ನೇ ಬೈಯುತ್ತದೆ. ಕೊನೆಯಲ್ಲಿ ಶಿಕ್ಷೆ ಯಾರಿಗೆ ಗೊತ್ತಾ? ದಾದಿಗೆ ಗಡೀಪಾರು, ವಿಷ ಮಾರಿದವನಿಗೆ ನೇಣು. ಪಾದ್ರಿಗೆ ಬಿಡುಗಡೆ. ಅಂದರೆ ಸಿಕ್ಕಿಬಿದ್ದಿದ್ದು ಮನೆಕೆಲಸದವಳು ಮತ್ತು ಗತಿಯಿಲ್ಲದ ಮದ್ದಿನ ವ್ಯಾಪಾರಿ! ಶೇಕ್ಸ್‌ಪಿಯರ್ ಆ ನೇಣನ್ನು ಕೈಬಿಟ್ಟ. 40 ಡಕೆಟ್‌ಗೆ (ಚಿನ್ನದ ನಾಣ್ಯ) ವಿಷ ಕೊಡುವಾಗ, ಒಪ್ಪಿದ್ದು ನನ್ನ ಬಡತನ, ಮನಸ್ಸಲ್ಲ ಅಂತ ಆ ವ್ಯಾಪಾರಿಯ ಬಾಯಲ್ಲೇ ಹೇಳಿಸಿದ. ಅದಕ್ಕೆ ಶೇಕ್ಸ್‌ಪಿಯರ್ ಮೇಲೆ ನನಗೆ ಪ್ರೀತಿ ಜಾಸ್ತಿ.

ಅವನ ನಾಟಕದಲ್ಲಿ ವೆರೋನಾದ ದೊರೆ, ಕೆಲವರಿಗೆ ಕ್ಷಮೆ, ಕೆಲವರಿಗೆ ಶಿಕ್ಷೆ ಅಂತಷ್ಟೇ ಹೇಳುತ್ತಾನೆ. ಹೆಸರಿಲ್ಲ. ಜಗಳ ಕಂಡೂ ಕಾಣದಂತಿದ್ದೆ ಅಂತ ತನ್ನ ಪಾಲಿನದನ್ನಾದರೂ ಒಪ್ಪಿಕೊಳ್ಳುತ್ತಾನೆ. ರೋಮಿಯೋ ಅಪ್ಪ ಮಾಂಟೆಗ್ಯೂ ಜೂಲಿಯೆಟ್‌ಗೆ ಚಿನ್ನದ ಪ್ರತಿಮೆ ಮಾಡಿಸುತ್ತೇನೆ ಅಂದರೆ, ಕ್ಯಾಪುಲೆಟ್ ರೋಮಿಯೋಗೂ ಅಷ್ಟೇ ವೈಭವದ್ದು ಅಂತಾನೆ. ಹೆಣದ ಮುಂದೂ ಸರಿಸಮ! ಮಕ್ಕಳು ನಮ್ಮ ದ್ವೇಷಕ್ಕೆ ಬಲಿಯಾದರು ಅಂತ ನಿಟ್ಟುಸಿರೂ ಬಿಡುತ್ತಾನೆ. ಮಗಳಿಗೆ ಬೀದಿಯಲ್ಲಿ ಸಾಯಿ ಅಂದಿದ್ದರ ಬಗ್ಗೆ ಮಾತ್ರ ಸೊಲ್ಲೇ ಇಲ್ಲ.