ನೋಟಿಸಿಲ್ಲದ ಮುಳುಗಡೆ

ಮುಳುಗಡೆಯೆಂದರೇನು ಎಂದು ಬಾಗಲಕೋಟೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಬರುವ ಮೊದಲು ನೋಟಿಸು ಬಂದಿತು, ಮನೆಗಳ ಅಳತೆಯಾಯಿತು, ಪರಿಹಾರ ಸಾಲದೆಂದವರಿಗೆ ಕೋರ್ಟಿನ ದಾರಿಯಿತ್ತು, ಊರಿಗೆ ಬದಲಾಗಿ ನವನಗರವೆದ್ದಿತು. ಅದೇ ನವನಗರದಲ್ಲಿ ಕುಳಿತು, ಮೊಬೈಲಿನಲ್ಲಿ ‘ಖರೀದಿಸಿ’ ಎಂಬ ಗುಂಡಿಯೊತ್ತಿ ಪುಸ್ತಕವನ್ನೋ ಸಿನಿಮಾವನ್ನೋ ಕೊಂಡವರ ಸ್ವತ್ತು ಮುಳುಗುವಾಗ ಮಾತ್ರ ಇಷ್ಟು ಮರ್ಯಾದೆಯೂ ಸಿಗುವ ಭರವಸೆಯಿಲ್ಲ. ಏಕೆಂದರೆ ಓದದೆಯೇ ‘ಒಪ್ಪಿದ್ದೇನೆ’ ಎಂದ ಕರಾರಿನ ಯಾವುದೋ ಕಲಮಿನಲ್ಲಿ, ಕೊಟ್ಟಿರುವುದು ಸ್ವತ್ತಲ್ಲ, ಹಿಂಪಡೆಯಬಹುದಾದ ಪರವಾನಗಿ ಎಂದು ಬರೆದಿರುತ್ತದೆ.

2009ರ ಜುಲೈನಲ್ಲಿ ಅಮೆಜಾನ್ ಸಂಸ್ಥೆಯು, ಹಕ್ಕಿಲ್ಲದವರು ಮಾರಿದ ಪ್ರತಿಗಳೆಂಬ ಕಾರಣಕ್ಕೆ, ಗ್ರಾಹಕರ ಕಿಂಡಲ್‌ (ಇ-ಪುಸ್ತಕ ಓದುವ ಸಾಧನ) ಗಳೊಳಗೆ ಕೈಹಾಕಿ ಪುಸ್ತಕಗಳನ್ನು ಅಳಿಸಿತು. ಅಳಿಸಿದ್ದಾದರೂ ಯಾವುದನ್ನು? ಸರ್ಕಾರವೇ ಹಳೆಯ ದಾಖಲೆಗಳನ್ನು ಅಳಿಸಿ ತಿದ್ದಿಸುವ ಕಥೆಯುಳ್ಳ, ಜಾರ್ಜ್ ಆರ್ವೆಲ್ಲರ ‘1984’ನ್ನು. ವಿಡಂಬನಕಾರರ ಹೊಟ್ಟೆಯ ಮೇಲೆ ಹೊಡೆಯುವುದೆಂದರೆ ಇದೇ. ಹಣ ಮರಳಿಸಿದರು, ಕ್ಷಮೆಯನ್ನೂ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕಗಳ ಅಂಗಡಿಯನ್ನು ಮುಚ್ಚಿದಾಗ ಮಾರಿದ್ದ ಪುಸ್ತಕಗಳೂ ತೆರೆಯದಾದವು. ದುಡ್ಡು ವಾಪಸ್ಸು, ಓದುತ್ತ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಮೇಲೆ 25 ಡಾಲರ್. ಓದುಗರ ವಿಚಾರಕ್ಕೆ ಇಷ್ಟು ಖಚಿತವಾದ ದರವನ್ನು ನಮ್ಮ ವಿಶ್ವವಿದ್ಯಾಲಯಗಳೂ ಕಟ್ಟಿಲ್ಲ.

ಕ್ಯಾಲಿಫೋರ್ನಿಯಾ ರಾಜ್ಯವು 2025ರ ಜನವರಿ 1ರಿಂದ ಕಾನೂನೊಂದನ್ನು ಜಾರಿಗೆ ತಂದಿತು. ಕಿತ್ತುಕೊಳ್ಳಬೇಡಿರೆಂದು ಅದು ಹೇಳಲಿಲ್ಲ; ‘ಖರೀದಿ’ ಎಂದು ಬರೆದು ಮಾರುವವರು, ಇದು ಬರಿಯ ಪರವಾನಗಿಯೆಂದು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು ಎಂದಿತು. ಮರುತಿಂಗಳೇ ಅಮೆಜಾನ್, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ಲಿನ ಮೂಲಕ ಕಿಂಡಲ್‌ಗೆ ಹಾಕಿಕೊಳ್ಳುವ ಸೌಲಭ್ಯವನ್ನು ನಿಲ್ಲಿಸಿತು. ಬೀಗವಿಲ್ಲದ ಫೈಲು ಕೊಟ್ಟು, ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ನೀವೇ ಇಟ್ಟುಕೊಳ್ಳಿ ಎನ್ನುವ ಅಂಗಡಿಗಳೂ ಇವೆ. ಅಲ್ಲಿ ಕೊಂಡದ್ದು ಕೊಂಡಂತೆಯೇ ಉಳಿಯುವುದರಿಂದ ಅಂಕಣಕ್ಕೆ ಏನೂ ಸಿಗುವುದಿಲ್ಲ.

ಒಂದು ಉಪಕಾರವನ್ನು ಮಾತ್ರ ಒಪ್ಪಲೇಬೇಕು. ವಾಟ್ನಿಯ, ಅಂದರೆ ಆಸ್ತಿ ಪಾಲಾಗುವ, ದಿನ ಹೊಲದ ಬದುವಿನಿಂದ ಹಿತ್ತಾಳೆಯ ಕೊಡದವರೆಗೆ ಜಗಳವಾಡುವ ನಮ್ಮ ಅಣ್ಣತಮ್ಮಂದಿರು, ತಂದೆ ದುಡ್ಡು ಕೊಟ್ಟು ತುಂಬಿಸಿದ ಇ-ಪುಸ್ತಕಗಳ ಖಾತೆಯ ವಿಷಯದಲ್ಲಿ ಒಂದು ಮಾತನ್ನೂ ಆಡುವಂತಿಲ್ಲ. ಇಂಥ ಬಹುತೇಕ ಪರವಾನಗಿಗಳು ವರ್ಗಾವಣೆಯಾಗದಿರುವುದರಿಂದ, ಉತಾರದಲ್ಲಿ ಹೆಸರು ಹಚ್ಚಿಸಲು ತಲಾಟಿಯ ಹಿಂದೆ ಅಲೆಯುವ ಕಷ್ಟವೂ ಅವರಿಗಿಲ್ಲ.