ಎರಡನೇ ಪಂಕ್ತಿಯ ವಿಮಾನ

ಹೋದ ತಿಂಗಳು ಅವ್ವನನ್ನು ಮೊದಲ ಸಲ ವಿಮಾನ ಹತ್ತಿಸಿದೆ. ಅವಳಿಗೆ 72 ವರ್ಷ. ಹೊರಟದ್ದು ಎಲ್ಲಿಂದ, ಇಳಿದದ್ದು ಎಲ್ಲಿ, ಯಾವ ಕಂಪನಿ ಅಂತ ಬರೆಯೋದಿಲ್ಲ. ದೊಡ್ಡ ಊರೇನಲ್ಲ, ಆದರೆ ಬೆಳೆಯುತ್ತಿರುವ ಊರು, ಅಷ್ಟು ಸಾಕು.

ಹಾರಿದ್ದು 50 ನಿಮಿಷ. ಇಳಿದದ್ದೂ ಚೆನ್ನಾಗೇ ಇಳಿಯಿತು. ಅವ್ವ ಬಿಗಿಯಾಗಿ ಮುಚ್ಚಿದ್ದ ಕಣ್ಣು ಬಿಟ್ಟಳು, ಹಿಡಿದಿದ್ದ ನನ್ನ ಕೈ ಬಿಟ್ಟಳು, ಸಿದ್ಧಾರೂಢರಿಗೆ ಕೂತಲ್ಲೇ ಒಂದು ನಮಸ್ಕಾರ ಹಾಕಿದಳು. ವಿಮಾನ ರನ್‌ವೇ ಬಿಟ್ಟು ಪಕ್ಕಕ್ಕೆ ತಿರುಗಿತು, ಸ್ವಲ್ಪ ದೂರ ಉರುಳಿತು, ನಿಂತಿತು. ಬ್ಯಾಗ್ ತೆಗೆಯಲು ಎದ್ದವರನ್ನೆಲ್ಲ ಗಗನಸಖಿ ಮತ್ತೆ ಕೂರಿಸಿದಳು. ಹತ್ತು ನಿಮಿಷ ಆದ ಮೇಲೆ ಕ್ಯಾಪ್ಟನ್ ದನಿ ಬಂತು. ನಮಗೆ ಕೊಟ್ಟ ಬೇನಲ್ಲಿ, ಅಂದರೆ ವಿಮಾನ ನಿಲ್ಲಿಸುವ ಜಾಗದಲ್ಲಿ, ಇನ್ನೊಂದು ವಿಮಾನ ನಿಂತಿದೆ, ಅದು ಹೊರಟ ಮೇಲೆ ನಾವು ಹೋಗಬೇಕು, ದಯವಿಟ್ಟು ಸಹಕರಿಸಿ. ಸಹಕರಿಸದೆ ಏನು ಮಾಡೋದು, ಕಿಟಕಿ ಒಡೆದು ಜಿಗಿಯೋಕಾಗುತ್ತಾ?

"ನೆಲಕ್ಕ ಬಂದೀವಲ್ಲೋ, ಬಾಗಲಾ ಯಾಕ ತಗೀವಲ್ರು?" ಅಂದಳು ಅವ್ವ. ವಿಷಯ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, "ಅಂದ್ರ ಎರಡನೇ ಪಂಕ್ತಿ ಅನ್ನು" ಅಂದಳು.

ನೀವೂ ನೋಡಿರ್ತೀರಿ. ಕಲ್ಯಾಣ ಮಂಟಪದ ಹಾಲ್‌ನಲ್ಲಿ ಸಾವಿರ ಕುರ್ಚಿ, ವೇದಿಕೆಗೆ ಹೂವು, ಬಾಗಿಲಲ್ಲಿ ಪನ್ನೀರು. ಊಟದ ಮನೆಗೆ ಹೋದರೆ 150 ಎಲೆಗೆ ಮಾತ್ರ ಜಾಗ. ಉಣ್ಣುತ್ತಿರುವವರ ಬೆನ್ನ ಹಿಂದೆ ಕುರ್ಚಿ ಹಿಡಿದುಕೊಂಡು ನಿಲ್ಲಬೇಕು, ಅವರು ಮಜ್ಜಿಗೆಗೆ ಬಂದರಾ ಇಲ್ಲವಾ ಅಂತ ಕಣ್ಣು ನೆಟ್ಟು. ನಾವು ಟ್ಯಾಕ್ಸಿವೇಯಲ್ಲಿ, ಅಂದರೆ ರನ್‌ವೇಯಿಂದ ಟರ್ಮಿನಲ್ ಕಡೆ ಹೋಗುವ ದಾರಿಯಲ್ಲಿ, 35 ನಿಮಿಷ ಮಾಡಿದ್ದು ಅದನ್ನೇ. ಎದುರಿಗೆ ಹೊಚ್ಚ ಹೊಸ ಟರ್ಮಿನಲ್ಲಿನ ಗಾಜು ಬಿಸಿಲಿಗೆ ಮಿಂಚುತ್ತಿತ್ತು. ಅದರ ಮುಂದೆ ವಿಮಾನಗಳು ಒತ್ತೊತ್ತಾಗಿ ಊಟಕ್ಕೆ ಕೂತಿದ್ದವು.

ಮನೆಗೆ ಬಂದ ಮೇಲೂ ಇದು ತಲೆಯಿಂದ ಹೋಗಲಿಲ್ಲ. ಒಂದು ವಿಮಾನ ನಿಲ್ದಾಣ ಎಷ್ಟು ದೊಡ್ಡದು ಅಂತ ಕೇಳಿದರೆ ನಾವೆಲ್ಲ ಹೇಳೋದು ಟರ್ಮಿನಲ್ ಎಷ್ಟು ಚದರ ಮೀಟರ್, ರನ್‌ವೇ ಎಷ್ಟು ಉದ್ದ ಅಂತ. ಏಪ್ರನ್ ಮೇಲೆ ಎಷ್ಟು ಬೇ ಇದೆ ಅಂತ ಯಾರೂ ಕೇಳೋದಿಲ್ಲ. ಏಪ್ರನ್ ಅಂದರೆ ಟರ್ಮಿನಲ್ ಮುಂದಿನ ಆ ಕಾಂಕ್ರೀಟ್ ಅಂಗಳ. ಜನ ಹತ್ತೋದು, ಇಳಿಯೋದು, ಲಗೇಜು, ಇಂಧನ, ಕಸ, ಎಲ್ಲ ಅಲ್ಲೇ. ರನ್‌ವೇ ಮೇಲೆ ವಿಮಾನ ಇರೋದು ಒಂದೆರಡು ನಿಮಿಷ. ಬೇನಲ್ಲಿ ಇರೋದು ಅರ್ಧ ಗಂಟೆಯಿಂದ ಒಂದು ಗಂಟೆ. ಹಾಗಾಗಿ ರನ್‌ವೇ ಬಿಡುವಾಗಿದ್ದರೂ ಅಂಗಳ ತುಂಬಿದರೆ ಕಥೆ ಮುಗೀತು.

ಪುಣೆಯ ಕಥೆ ತಗೊಳ್ಳಿ. ನಮ್ಮ ಬೆಳಗಾವಿ, ವಿಜಯಪುರ, ಹುಬ್ಬಳ್ಳಿ ಕಡೆಯ ಎಷ್ಟೋ ಮಂದಿಗೆ ಪುಣೆ ಅಂದರೆ ಪಕ್ಕದ ಓಣಿ ಇದ್ದ ಹಾಗೆ, ಅದಕ್ಕೇ ಅಲ್ಲಿಯ ಸುದ್ದಿ ನಮಗೂ ಬರುತ್ತದೆ. ಪುಣೆಯ ನಿಲ್ದಾಣ ಇರುವ ಲೋಹಗಾಂವ್ ವಾಯುಪಡೆಯ ನೆಲೆ. ರನ್‌ವೇ ಅವರದು, ಪ್ರಯಾಣಿಕರ ವಿಮಾನಗಳಿಗೆ ಸಿಕ್ಕಿರೋದು ಒಂದು ಮೂಲೆ. 2024ರ ಮಾರ್ಚ್ 10ರಂದು ಅಲ್ಲಿನ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. 50 ಸಾವಿರ ಚದರ ಮೀಟರ್ ಮೀರಿದ ಕಟ್ಟಡ. ಜನರಿಗೆ ಬಾಗಿಲು ತೆಗೆದದ್ದು ಜುಲೈ 14ಕ್ಕೆ, ಅದು ಬೇರೆ ಮಾತು. ಈ ಎರಡು ತಾರೀಖುಗಳ ನಡುವೆ, ಮೇ 16ರಂದು, ದೆಹಲಿಗೆ ಹೊರಟಿದ್ದ ಏರ್ ಇಂಡಿಯಾ ವಿಮಾನವೊಂದು ನೆಲದ ಮೇಲೇ ಟಗ್‌ಗೆ ಗುದ್ದಿಕೊಂಡಿತು. ಟಗ್ ಅಂದರೆ ವಿಮಾನ ತಳ್ಳುವ ಆ ಗಿಡ್ಡ ಟ್ರ್ಯಾಕ್ಟರ್. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕೆಟ್ಟ ವಿಮಾನ ಹಾರೋ ಹಾಗಿಲ್ಲ, ತನಿಖೆ ಆಗಬೇಕು, ರಿಪೇರಿ ಆಗಬೇಕು. ತಂದು ಒಂದು ಬೇನಲ್ಲಿ ನಿಲ್ಲಿಸಿದರು.

ಅಲ್ಲಿದ್ದದ್ದೇ ಹತ್ತು ಬೇ. ಒಂದು ಹೋದರೆ ಉಳಿದದ್ದು ಒಂಬತ್ತು.

ಒಂದು ಬೇನಲ್ಲಿ ಒಂದು ವಿಮಾನಕ್ಕೆ ಒಂದು ಗಂಟೆ, ದಿನಕ್ಕೆ ಹದಿನೈದು ಗಂಟೆ ಓಡಾಟ ಅಂತ ಧಾರಾಳವಾಗಿ ಲೆಕ್ಕ ಹಿಡಿದರೂ, ದಿನಕ್ಕೆ ಹದಿನೈದು ವಿಮಾನಗಳ ಜಾಗ ಹೋಯಿತು. ತಿಂಗಳಿಗೂ ಜಾಸ್ತಿ ಆ ವಿಮಾನ ಅಲ್ಲೇ ನಿಂತಿತ್ತು. ಬೇ ಖಾಲಿಯಿಲ್ಲ ಅಂತ ಬೇರೆ ವಿಮಾನಗಳು ತಡವಾದವು, ಆ ತಡ ಅವು ಮುಂದೆ ಹೋಗಬೇಕಿದ್ದ ಊರುಗಳಿಗೂ ಅಂಟಿತು. ಕೊನೆಗೆ ಪುಣೆಯ ಸಂಸದರೂ ಆಗಷ್ಟೇ ವಿಮಾನಯಾನ ಖಾತೆಯ ರಾಜ್ಯ ಸಚಿವರೂ ಆಗಿದ್ದ ಮುರಳೀಧರ ಮೊಹೋಳ್ ಕೈ ಹಾಕಿದ ಮೇಲೆ ಆ ವಿಮಾನವನ್ನು ಅಲ್ಲಿಂದ ಸರಿಸಿದ್ದು. ಯೋಚನೆ ಮಾಡಿ. ಅಂಗಳದಲ್ಲಿ ಕೆಟ್ಟು ನಿಂತ ಒಂದು ಗಾಡಿ ಪಕ್ಕಕ್ಕೆ ತಳ್ಳಲು ಕೇಂದ್ರ ಸಚಿವರು ಬೇಕಾಯಿತು! ನಾನು ಅವರನ್ನು ಬೈಯುತ್ತಿಲ್ಲ, ಮಾಡಿದ್ದು ಒಳ್ಳೆಯ ಕೆಲಸವೇ. ಆದರೆ ಕೆಟ್ಟ ವಿಮಾನ ನಿಲ್ಲಿಸಲು ಒಂದು ಮೂಲೆ ಇಟ್ಟುಕೊಳ್ಳದೆ ಅಷ್ಟು ದೊಡ್ಡ ಕಟ್ಟಡ ಕಟ್ಟಿದರಲ್ಲ, ಅದಕ್ಕೆ ಏನನ್ನೋಣ?

ಕೆಟ್ಟ ವಿಮಾನ ಒಂದೇ ಅಂದುಕೊಳ್ಳಬೇಡಿ. ಮುಳುಗಿದ ಕಂಪನಿಗಳ ವಿಮಾನಗಳದ್ದು ಇನ್ನೂ ದೊಡ್ಡ ತಲೆನೋವು. ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ 2019ರ ಏಪ್ರಿಲ್‌ನಲ್ಲಿ. ಗೋ ಫಸ್ಟ್ 2023ರ ಮೇ 3ರಂದು ಹಾರಾಟ ನಿಲ್ಲಿಸಿದಾಗ ಅದರ 50ಕ್ಕೂ ಹೆಚ್ಚು ವಿಮಾನಗಳು ನಿಂತಲ್ಲೇ ನಿಂತವು. ಕೋರ್ಟು ಕಚೇರಿ ಮುಗಿದು, ಅವುಗಳ ನೋಂದಣಿ ರದ್ದು ಮಾಡಿ ಅಂತ ದೆಹಲಿ ಹೈಕೋರ್ಟ್ ಹೇಳುವಾಗ 2024ರ ಏಪ್ರಿಲ್ ಕೊನೆ. ಸುಮಾರು ಒಂದು ವರ್ಷ ಉಂಡೆದ್ದು ಹೋದವರ ಎಲೆಗಳನ್ನು ಯಾರೂ ತೆಗೆಯಲಿಲ್ಲ.

ಇನ್ನು ನಮ್ಮ ಕಡೆ ಬರೋಣ. ಶಿವಮೊಗ್ಗದ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು. ಅದಕ್ಕೆ ಮುಂಚೆ ಊರಿಡೀ ನಡೆದ ಜಗಳ ನೆನಪಿದೆಯಾ? ಟರ್ಮಿನಲ್ ಕಮಲದ ಆಕಾರದಲ್ಲಿದೆ, ಅದು ಒಂದು ಪಕ್ಷದ ಗುರುತು, ಬದಲಾಯಿಸಿ ಅಂತ ಒಬ್ಬರು, ಕಮಲ ರಾಷ್ಟ್ರೀಯ ಹೂವು ಅಂತ ಇನ್ನೊಬ್ಬರು. ಹೆಸರಿನ ಬಗ್ಗೆಯೂ ಚರ್ಚೆ ನಡೆಯಿತು. ಸಂತೋಷ, ಚರ್ಚೆ ಇರಲಿ. ಆದರೆ ಅಷ್ಟೆಲ್ಲ ಗದ್ದಲದಲ್ಲಿ ಅಂಗಳದ ಮೇಲೆ ಒಟ್ಟಿಗೆ ಎಷ್ಟು ವಿಮಾನ ನಿಲ್ಲಬಹುದು ಅಂತ ಒಬ್ಬರಾದರೂ ಮೈಕ್ ಹಿಡಿದು ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಶಿವಮೊಗ್ಗಕ್ಕೆ ಈಗಲೇ ಆ ಕಷ್ಟ ಬಂದಿದೆ ಅಂತ ನಾನು ಹೇಳುತ್ತಿಲ್ಲ, ಅಲ್ಲಿ ರನ್‌ವೇಯೇ 3 ಕಿಲೋಮೀಟರ್ ಮೀರಿ ಇದೆ. ನಾನು ಹೇಳೋದು ನಮ್ಮ ಕಣ್ಣು ಎಲ್ಲಿ ಹೋಗುತ್ತದೆ ಅನ್ನೋದರ ಬಗ್ಗೆ. ಟರ್ಮಿನಲ್ ಮುಂದೆ ಫೋಟೋ ತೆಗೆಸಿಕೊಳ್ಳಬಹುದು. ಕಾಂಕ್ರೀಟ್ ಅಂಗಳಕ್ಕೆ ರಿಬ್ಬನ್ ಕತ್ತರಿಸಿದ ಮಂತ್ರಿಯನ್ನು ನೀವು ನೋಡಿದ್ದೀರಾ?

ಇದನ್ನು ಹೇಳಿದಾಗ ಸಿವಿಲ್ ಎಂಜಿನಿಯರ್ ಗೆಳೆಯನೊಬ್ಬ ನಕ್ಕ. "ಬೇ ಅಂದ್ರೆ ಕಾರ್ ಪಾರ್ಕಿಂಗ್ ಅಲ್ಲ ಮಾರಾಯಾ" ಅಂದ. ಸರಿಯೇ. ಏರ್‌ಬಸ್ ಎ320 ಅನ್ನೋ ಪ್ರಯಾಣಿಕರ ವಿಮಾನಕ್ಕೆ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 36 ಮೀಟರ್ ಬೇಕು, ಪಕ್ಕದ ವಿಮಾನದಿಂದ ನಾಲ್ಕೂವರೆ ಮೀಟರ್ ಅಂತರ ಬೇಕು. ತುಂಬಿದಾಗ 70 ಟನ್ನಿಗೂ ಜಾಸ್ತಿ ತೂಗುವ ಅದನ್ನು ದಿನವಿಡೀ ಹೊರುವಷ್ಟು ಗಟ್ಟಿ ನೆಲ ಬೇಕು. ಹಿಂದೆ ತಳ್ಳಲು, ತಿರುಗಲು, ಇಂಧನದ ಲಾರಿ ಓಡಾಡಲು ಜಾಗ ಬೇಕು. ಮಂಗಳೂರಿನಂಥ ಕಡೆ ಗುಡ್ಡದ ತಲೆಯ ಮೇಲೆ ಜಾಗ ಹುಡುಕಬೇಕು, ಅಂಚಿನಾಚೆ ಕಣಿವೆ. ಬಯಲು ಸೀಮೆಯಲ್ಲಾದರೆ ಅಂಚಿನಾಚೆ ಯಾರದೋ ಹೊಲ.

ಹೊಲದ ಮಾತು ಸುಲಭದ್ದಲ್ಲ. ಪುಣೆಗೆ ಹೊಸ ನಿಲ್ದಾಣ ಬೇಕು ಅಂತ ಹತ್ತಿರದ ಪುರಂದರ ತಾಲ್ಲೂಕಿನಲ್ಲಿ ಏಳು ಹಳ್ಳಿಗಳ ಜಮೀನು ಗುರುತು ಮಾಡಿದ್ದಾರೆ, ಅಲ್ಲಿನ ರೈತರು ಬೀದಿಗಿಳಿದು ಬೇಡ ಅಂದಿದ್ದಾರೆ. ನಾನೂ ಒಕ್ಕಲುತನದ ಮನೆಯಿಂದ ಬಂದವನು, ಇನ್ನೊಬ್ಬರ ಎರೆ ಹೊಲಕ್ಕೆ ಕಾಂಕ್ರೀಟ್ ಸುರಿಯಿರಿ ಅಂತ ಅಷ್ಟು ಹಗುರವಾಗಿ ಬರೆಯಲಾರೆ. ಅದಕ್ಕೇ ಮೊದಲು ಇರುವ ಅಂಗಳವನ್ನು ನೆಟ್ಟಗೆ ಬಳಸಿ ಅನ್ನೋದು. ಎಲ್ಲರಿಗೂ ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ಆರರಿಂದ ಎಂಟು ಬೇಕು. ಮಧ್ಯಾಹ್ನ ಮೂರಕ್ಕೆ ಅದೇ ಏಪ್ರನ್ ಮೇಲೆ ಹಪ್ಪಳ ಒಣಹಾಕಬಹುದು. ಮಧ್ಯಾಹ್ನ ಬರುವವರಿಗೆ ಶುಲ್ಕ ಕಡಿಮೆ ಮಾಡಿ, ಬೆಳಿಗ್ಗೆ ಸುಮ್ನೆ ಕೂರುವವರಿಗೆ ಜಾಸ್ತಿ ಮಾಡಿ. ಹೊಸ ವಿಮಾನಕ್ಕೆ ಸಮಯ ಕೊಡುವ ಮೊದಲು ಆ ಹೊತ್ತಿಗೆ ಬೇ ಇದೆಯಾ ಅಂತ ನೋಡಿ. "ನಮ್ಮೂರಿಗೆ ಇನ್ನೊಂದು ವಿಮಾನ ತಂದೆ" ಅಂತ ಸಂಸದರು ಪೋಸ್ಟ್ ಹಾಕುವಾಗ ಅದು ಎಲ್ಲಿ ನಿಲ್ಲುತ್ತದೆ ಅಂತಲೂ ಒಂದು ಸಾಲು ಬರೆಯಲಿ.

ರಾತ್ರಿ ನಿಲ್ಲೋದು ಇನ್ನೊಂದು ಒಗಟು. ಬೆಳಿಗ್ಗೆ ಆರಕ್ಕೆ ನಮ್ಮೂರಿಂದ ಹೊರಡುವ ವಿಮಾನ ಬೇಕು, ಹಗಲು ಕೆಲಸ ಮುಗಿಸಿ ರಾತ್ರಿ ವಾಪಸ್ ಬರಬೇಕು ಅಂತ ಎಲ್ಲ ಊರಿನ ವ್ಯಾಪಾರಿಗಳೂ ಕೇಳುತ್ತಾರೆ. ಆರಕ್ಕೆ ಹೊರಡಬೇಕಾದರೆ ಅದು ಹಿಂದಿನ ರಾತ್ರಿಯೇ ಬಂದು ಅಲ್ಲಿ ಮಲಗಿರಬೇಕು, ಅಲ್ವಾ? ನಾಲ್ಕೇ ಬೇ ಇರುವ ಊರಲ್ಲಿ ಮೂರು ವಿಮಾನ ಮಲಗಿದರೆ, ತಡರಾತ್ರಿ ಬರುವವಕ್ಕೆ ಉಳಿದದ್ದು ಒಂದು.

ಒಂದೇ ದಿನಕ್ಕೆ ಜಾತ್ರೆ ಸೇರಿದರಂತೂ ಮುಗಿಯಿತು. 2024ರ ಜನವರಿ 22ಕ್ಕೆ ಅಯೋಧ್ಯೆಯಲ್ಲಿ, ನಮ್ಮ ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ ಬಾಲರಾಮನ ಪ್ರತಿಷ್ಠೆಯ ದಿನ, ಗಣ್ಯರ ವಿಮಾನಗಳು ಸಾಲುಗಟ್ಟಿ ಬಂದವು. ನಿಲ್ದಾಣ ಶುರುವಾಗಿ ತಿಂಗಳೂ ಆಗಿರಲಿಲ್ಲ. ಜನರನ್ನು ಇಳಿಸಿ ಎಷ್ಟೋ ವಿಮಾನಗಳು ಸುತ್ತಲಿನ ಬೇರೆ ಊರುಗಳಿಗೆ ಹಾರಿ ಅಲ್ಲಿ ನಿಲ್ಲಬೇಕಾಯಿತು. ಯಲ್ಲಮ್ಮನ ಗುಡ್ಡಕ್ಕೆ ಹೋದಾಗ ಬಂಡಿ ಬಿಡಲು ಜಾಗ ಇಲ್ಲದೆ ಮೈಲಿ ದೂರ ಹೋಗಿ ಕೊಳ್ಳು ಹರಿದ ಹಾಗೆ. ಅದು ಒಂದು ದಿನದ ಮಾತು, ಸರಿ. ನಮ್ಮ ಊರುಗಳಲ್ಲಿ ಅದು ದಿನಾ ಬೆಳಗಿನ ಮಾತಾಗಬಾರದು ಅಂತ ನನ್ನ ಗೋಳು.

ಅವ್ವನನ್ನು ಮುಂದಿನ ವಾರ ಊರಿಗೆ ಕಳಿಸಬೇಕು. ನಿನ್ನೆ ರಾತ್ರಿ ಟಿಕೆಟ್ ನೋಡುತ್ತಾ ಕೂತಿದ್ದೆ. "ವಿಮಾನ ಬ್ಯಾಡಪಾ, ರೈಲು ಮಾಡು" ಅಂದಳು. ಯಾಕೆ ಅಂದೆ. "ಹುಬ್ಬಳ್ಳ್ಯಾಗ ಜಗತ್ತಿನಾಗ ಉದ್ದನ್ನ ಪ್ಲಾಟ್‌ಫಾರ್ಮ್ ಐತಂತಲ್ಲ, ನಿಲ್ಲಾಕ ಜಾಗ ಸಿಗತೈತಿ."

1,507 ಮೀಟರ್ ಉದ್ದ ಇದೆ, ನಿಜ. ಅದರ ಮುಂಚಿನ ಔಟರ್‌ನಲ್ಲಿ ಸಿಗ್ನಲ್‌ಗೆ ಕಾದ ರಾತ್ರಿಗಳು ಅವಳಿಗೆ ಮರೆತಿವೆ. ನಾನೂ ನೆನಪಿಸಲು ಹೋಗಲಿಲ್ಲ, ರೈಲಿನ ಟಿಕೆಟ್ಟೇ ಮಾಡಿದೆ.