ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವ ಬಗೆ

ಪಿಕಪ್‌ಗೆ ಚಕ್ರಕ್ಕೆ ಗಾಳಿ ತುಂಬುವ ಕಂಪ್ರೆಸರ್ ಕೂರಿಸುವವರ ಉತ್ಸಾಹವೆಲ್ಲ ಕಂಪ್ರೆಸರ್ ಆರಿಸುವುದರಲ್ಲೇ ಖಾಲಿಯಾಗಿರುತ್ತದೆ. ಸಿಲಿಂಡರ್ ಒಂದೋ ಎರಡೋ, ಬಣ್ಣ ಕಪ್ಪೋ ಬೆಳ್ಳಿಯೋ ಎಂದು ವಾರಗಟ್ಟಲೆ ನಿದ್ದೆಗೆಟ್ಟವರು, ವೈರಿನ ಮಾತು ಬಂದಾಗ ಹಳೇ ಡಬ್ಬಿಗೆ ಕೈಹಾಕಿ ಸಿಕ್ಕಿದ ತುಂಡನ್ನು ಎಳೆಯುತ್ತಾರೆ. ವೈರು ಅಂದರೆ ವೈರು ತಾನೇ?

ಜೋಡಿ ಸಿಲಿಂಡರಿನ 12 ವೋಲ್ಟ್ ಯಂತ್ರ 45 ಆಂಪಿಯರ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ಬಾನೆಟ್ಟಿನೊಳಗಿನ ಬ್ಯಾಟರಿಯಿಂದ ಲೋಡ್ ಬಾಡಿಯ ಅಡಿಗೆ 5 ಮೀಟರ್ ದಾರಿ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರಾದರೆ ಒಂದೂವರೆ ವೋಲ್ಟಿಗೂ ಹೆಚ್ಚು ದಾರಿಖರ್ಚಿಗೇ ಹೋಯಿತು. ಬ್ಯಾಟರಿ ಎಂಬ ದೇವರು ಕೊಟ್ಟರೂ ವೈರೆಂಬ ಪೂಜಾರಿ ಕೊಡ; ನಡುವೆ ತಿಂದ 70 ವ್ಯಾಟಿನಲ್ಲಿ ತಾನೇ ಬೆಚ್ಚಗೆ ಮಲಗಿರುತ್ತಾನೆ. ಕಂಪ್ರೆಸರು 'ಊಂ...' ಎಂದು ನರಳಿದರೆ ರೋಗ ಇದೇ. 10 ಸ್ಕ್ವೇರ್ ಎಂಎಂ ಹಾಕಿದರೆ ಖರ್ಚು 0.4 ವೋಲ್ಟಿಗೆ ಇಳಿಯುತ್ತದೆ. ಅರ್ಥಿಂಗ್ ವೈರೂ ಅಷ್ಟೇ ದಪ್ಪ ಇರಲಿ, ಚಾಸಿಯ ಪೇಂಟು ಕೆರೆದು ಕಬ್ಬಿಣ ಹೊಳೆದ ಮೇಲೆ ಬೋಲ್ಟು ಬಿಗಿಯಲಿ. ಪೇಂಟಿನ ಮೇಲೆ ಬಿಗಿದ ಅರ್ಥಿಂಗ್ ಬರೀ ಅಲಂಕಾರ.

60 ಆಂಪಿಯರ್ ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ. ನೋಡಲು ಸುಲಭ ಅಂತ ಕಂಪ್ರೆಸರ್ ಪಕ್ಕದಲ್ಲಿಡುವವರಿದ್ದಾರೆ. ಫ್ಯೂಸು ಕಾಯುವುದು ವೈರನ್ನು. ನಡುದಾರಿಯಲ್ಲಿ ಅದು ಚಾಸಿಗೆ ಉಜ್ಜಿ ಶಾರ್ಟ್ ಆದರೆ, ತುದಿಯ ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ.

ರಿಲೇ, ಅಂದರೆ ಸಣ್ಣ ಸ್ವಿಚ್ಚಿನ ಮಾತು ಕೇಳಿ ದೊಡ್ಡ ಕರೆಂಟು ಬಿಡುವ ಡಬ್ಬಿ, ಅದರ ವಿಷಯ ಇನ್ನೂ ಮಜಾ. ಈ ಯಂತ್ರಕ್ಕೆ 70 ಆಂಪಿಯರಿನದು ಬೇಕು. ಇದ್ದದ್ದರಲ್ಲೇ ಆಗಲಿ ಅಂತ 40ರದ್ದು ತುರುಕಿದರೆ ಒಳಗಿನ ಕಾಂಟ್ಯಾಕ್ಟು ಒಂದು ದಿನ ಬೆಸೆದುಕೊಳ್ಳುತ್ತದೆ. ಆಮೇಲೆ ಸ್ವಿಚ್ ಆಫ್ ಮಾಡಿದರೂ ಯಂತ್ರ ಓಡುತ್ತಲೇ ಇರುತ್ತದೆ, ಮದುವೆ ಮನೆಯ ಮೈಕಾಸುರನ ಹಾಗೆ. ಸಣ್ಣ ಯಂತ್ರಕ್ಕೆ ಐದು ಕಾಲಿನ ರಿಲೇ ಹಾಕುವಾಗ ನಡುಗಾಲು 87ಎ ಎಂಬುದು ನೆನಪಿರಲಿ. ಆನ್ ಆದಾಗ ಕರೆಂಟು ಬಿಡುವ 87ರ ಬದಲು ಅಲ್ಲಿ ಸಿಕ್ಕಿಸಿದರೆ, ಆನ್ ಮಾಡಿದಾಗ ನಿಲ್ಲುವ, ಆಫ್ ಮಾಡಿದಾಗ ಓಡುವ ಅಪರೂಪದ ಕಂಪ್ರೆಸರ್ ನಿಮ್ಮದಾಗುತ್ತದೆ.

ಜಾಗ? ಎಂಜಿನ್ ಪಕ್ಕ ಬೇಡ, ಕಂಪ್ರೆಸರಿಗೆ ತನ್ನ ಬಿಸಿಯೇ ಸಾಕು. ಬಾಡಿಯ ಅಡಿಯಲ್ಲಾದರೆ ಗಾಳಿ ಸೇದುವ ಫಿಲ್ಟರನ್ನು ಪೈಪಿನಿಂದ ಎತ್ತರಕ್ಕೆ ಒಯ್ಯಿರಿ. ಇಲ್ಲದಿದ್ದರೆ ಮೊದಲ ಹಳ್ಳ ದಾಟುವಾಗ ಪಂಪು ನೀರು ಕುಡಿಯುತ್ತದೆ. ಕೂರಿಸುವಾಗ ಅದುರದಂತೆ ರಬ್ಬರ್ ಬುಷ್, ಸಡಿಲವಾಗದಂತೆ ನೈಲಾಕ್ ನಟ್ಟು. ಹೊರಬರುವ ಗಾಳಿ ಸುಡುತ್ತಿರುತ್ತದೆ, ಹಾಗಾಗಿ ಮೊದಲ ತುಂಡು ಪೈಪು ಉಕ್ಕಿನ ಹೆಣಿಗೆಯದ್ದೇ ಆಗಬೇಕು. ಪ್ಲಾಸ್ಟಿಕ್ ಆದರೆ ಮೆತ್ತಗಾಗಿ, ಉಬ್ಬಿ, ಢಂ.

ಇನ್ನು ಟ್ಯಾಂಕು. 4 ಲೀಟರಿನ ಟ್ಯಾಂಕು ಕಟ್ಟಿಕೊಂಡು ನಾಲ್ಕೂ ಚಕ್ರ ಕ್ಷಣದಲ್ಲಿ ತುಂಬುವ ಕನಸು ಬಹಳ ಜನಕ್ಕಿದೆ. ಸುಮಾರು 70 ಲೀಟರ್ ಹೊಟ್ಟೆಯ ಚಕ್ರವನ್ನು 1 ಬಾರ್ ಒತ್ತಡದಿಂದ 2.4ಕ್ಕೆ ಏರಿಸಲು 98 ಲೀಟರ್ ಹೊರಗಿನ ಗಾಳಿ ಬೇಕು. 8 ಬಾರ್ ತುಂಬಿದ ಆ ಟ್ಯಾಂಕು 2.4ಕ್ಕೆ ಇಳಿಯುವಷ್ಟರಲ್ಲಿ ಕೊಡುವುದು 22 ಲೀಟರ್. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹಾರ್ನ್ ಊದಲು ಚೆನ್ನಾಗಿದೆ, ಬೇಡವೆನ್ನುವುದಿಲ್ಲ. ಹಾಕಿದರೆ ಸೇಫ್ಟಿ ವಾಲ್ವು ಕಡ್ಡಾಯ, ನೀರು ಬಸಿಯುವ ನಲ್ಲಿ ತೀರ ತಳದಲ್ಲಿ.

ಟ್ಯಾಂಕು ಬಂದಮೇಲೆ ಪ್ರೆಷರ್ ಸ್ವಿಚ್ಚೂ ಬಂತು: 8 ಬಾರ್‌ಗೆ ನಿಲ್ಲು, 6ಕ್ಕೆ ಇಳಿದರೆ ಎದ್ದೇಳು. ಎಲ್ಲೋ ಒಂದು ಫಿಟ್ಟಿಂಗ್ 'ಸ್ಸ್' ಅನ್ನುತ್ತಿದ್ದರೆ ಯಂತ್ರ ನಡುರಾತ್ರಿ ಎದ್ದು 'ಡರ್ರ್' ಎಂದು ಕೂಗಿ, ಬೀದಿಯನ್ನೆಲ್ಲ ಎಬ್ಬಿಸಿ, ತಾನು ಮತ್ತೆ ಮಲಗುತ್ತದೆ. ಬೆಳಗ್ಗೆ ಹೊತ್ತಿಗೆ ಬ್ಯಾಟರಿಗೂ ಶವಾಸನ. ರಿಲೇಯನ್ನು ಎಬ್ಬಿಸುವ ಕಾಯಿಲಿಗೆ, ಕೀಲಿ ತಿರುಗಿಸಿದಾಗಷ್ಟೇ ಜೀವ ಬರುವ ಇಗ್ನಿಷನ್ ಲೈನಿನಿಂದ ಕರೆಂಟು ಕೊಟ್ಟರೆ ಈ ಕಾಟ ತಪ್ಪುತ್ತದೆ, ಸೋರಿಕೆ ತಪ್ಪುವುದಿಲ್ಲ. ಅದಕ್ಕೆ ಸೋಪಿನ ನೀರೇ ಮದ್ದು: ಪ್ರತಿ ಜಾಯಿಂಟಿಗೂ ಬಳಿದು ಗುಳ್ಳೆ ಹುಡುಕಿ. ಟೆಫ್ಲಾನ್ ಟೇಪನ್ನು ಥ್ರೆಡ್ ತಿರುಗುವ ದಿಕ್ಕಿಗೇ ಸುತ್ತಿ, ಮೊದಲ ಥ್ರೆಡ್ ಬರಿದಾಗಿರಲಿ. ತುದಿವರೆಗೂ ಸುತ್ತಿದ ಟೇಪಿನ ಚೂರು, ಗಾಳಿ ಹಿಂದಕ್ಕೆ ಹೋಗದಂತೆ ತಡೆಯುವ ಚೆಕ್ ವಾಲ್ವಿನ ಬಾಯಿಗೆ ಸಿಕ್ಕಿಕೊಂಡರೆ, ಹೊರಗೆ ಎಲ್ಲೂ ಗುಳ್ಳೆಯಿಲ್ಲ, ಆದರೂ ಗಾಳಿ ಮಾಯ.

ಎಲ್ಲ ಸರಿಯಾಗಿ, ಮುಂದಿನ ಬಲ ಮೂಲೆಯಲ್ಲಿ ಪೈಪು ಸಿಕ್ಕಿಸುವ ಕಪ್ಲರ್ ಕೂರಿಸಿ, 8 ಮೀಟರಿನ ಸುರುಳಿ ಪೈಪು ಎಳೆದುಕೊಂಡು ಮೂರು ಚಕ್ರ ತುಂಬುತ್ತೀರಿ. ಸುರುಳಿ ಬಿಚ್ಚಿದಾಗಿನ ಅಳತೆ ಅದು. ಆರಾಮಾಗಿ ಸಿಗುವುದು ಅದಕ್ಕಿಂತ ಕಡಿಮೆ. ಹಿಂದಿನ ಎಡ ಚಕ್ರಕ್ಕೆ ಗಾಡಿ ಸುತ್ತಿ ಬಂದರೆ ವಾಲ್ವಿಗೆ ಒಂದು ಮೊಳ ದೂರ. ಕೈ ಬಿಟ್ಟರೆ ಪೈಪು ಪಟಾರನೆ ಹಿಂದಕ್ಕೆ. ಗಾಡಿಯನ್ನು ತುಸು ಮುಂದೆ ತಂದರೆ ವಾಲ್ವು ಹತ್ತಿರವಾದೀತು ಅಂತ ಹೊರಟವರೂ ಇದ್ದಾರೆ, ಕಪ್ಲರ್ ಕೂಡ ಅದೇ ಗಾಡಿಯಲ್ಲಿದೆ ಎಂಬುದನ್ನು ಮರೆತು.